43ರಲ್ಲಿ ಬಿಎ ಸೇರುವುದು: ರೆಗ್ಯುಲರಾ, ಡಿಸ್ಟೆನ್ಸಾ? ಕಾಸರಗೋಡು ಕಡೆಯವರು ಹೇಳಿ

ತೋಟದಮನೆ82:

ಎಲ್ರಿಗೂ ನಮಸ್ಕಾರ. ನಮ್ಮದು ಮುಳ್ಳೇರಿಯದಿಂದ ಸ್ವಲ್ಪ ಒಳಗೆ, ನಂಗೆ ಈಗ 43. 2000ದಲ್ಲಿ ಪ್ರೀಡಿಗ್ರಿ ಪಾಸಾಗಿ ಬಿಎ ಕನ್ನಡಕ್ಕೆ ಸೇರಿದ್ದೆ, ಫಸ್ಟ್ ಇಯರ್ ಮುಗಿಯುವ ಮೊದಲೇ ಮದುವೆ ಆಯ್ತು. ಯಾರೂ ಓದ್ಬೇಡ ಅಂತ ಹೇಳಿದ್ದಲ್ಲ, ಬರುವ ವರ್ಷ ಹೋಗುವ ಬರುವ ವರ್ಷ ಹೋಗುವ ಅಂತ ಆಗಿ ಆಗಿ ಹಾಗೇ ಬಿಟ್ಟು ಹೋಯ್ತು. ಈಗ ಮಗಳು ಪ್ಲಸ್ ಟು ಮುಗಿಸಿ ಮಂಗಳೂರಲ್ಲಿ ನರ್ಸಿಂಗಿಗೆ ಸೇರಿ ಹಾಸ್ಟೆಲಿಗೆ ಹೋದ್ಲು, ಮಗ ಎಂಟನೇ ಕ್ಲಾಸ್. ಇವರು ತೋಟ ನೋಡ್ಕೊಳ್ತಾರೆ, ಅತ್ತೆ ಮನೆಯಲ್ಲೇ ಇದ್ದಾರೆ, ಅವರಿಗೆ ನಡೆದಾಡ್ಲಿಕ್ಕೆ ತೊಂದರೆ ಇಲ್ಲ ಆದ್ರೆ ಮಧ್ಯಾಹ್ನ ಒಬ್ಬರೇ ಇರುವುದು ಅವರಿಗೆ ಆಗುವುದಿಲ್ಲ.

ನಂಗೆ ಬಿಎ ಕನ್ನಡವೇ ಮಾಡ್ಬೇಕು. ಬೇರೆ ಸಬ್ಜೆಕ್ಟ್ ಬೇಡ. ಕಾಲೇಜಿಗೇ ಹೋಗುವುದಾ ಅಥವಾ ಮೈಸೂರಿನ ಓಪನ್ ಯೂನಿವರ್ಸಿಟಿ ಅಥವಾ ಇಗ್ನೋ ಮಾಡುವುದಾ ಅಂತ ಗೊತ್ತಾಗುವುದಿಲ್ಲ. ಕಾಲೇಜಿಗೆ ಹೋದ್ರೆ ಮಗಳ ಪ್ರಾಯದವರ ನಡುವೆ ಕೂತ್ಕೊಳ್ಳುವುದು ಹೇಗೆ ಅಂತ ಒಂದು, ಎರಡನೇದು ಈಗಿನ ನಾಲ್ಕು ವರ್ಷದ ಡಿಗ್ರಿ ಎಂತದ್ದು ಅಂತಲೇ ಅರ್ಥ ಆಗ್ಲಿಲ್ಲ. ಮಲಯಾಳಂ ಮಾತಾಡ್ಲಿಕ್ಕೆ ಬರ್ತದೆ, ಓದುವುದು ಬಸ್ಸಿನ ಬೋರ್ಡಿನಷ್ಟೇ. ಎಸ್ಸೆಸೆಲ್ಸಿ ಪುಸ್ತಕದಲ್ಲಿ ನನ್ನ ಹೆಸರಿಗೆ ಅಪ್ಪನ ಮನೆಯ ಇನಿಶಿಯಲ್, ಆಧಾರಲ್ಲಿ ಗಂಡನ ಹೆಸರು, ಇದೂ ಒಂದು ತಲೆನೋವು. ಡಿಗ್ರಿ ಆದ ಮೇಲೆ ಟೀಚರ್ ಕೆಲಸಕ್ಕೆ ಟ್ರೈ ಮಾಡಬಹುದಾ ಅಂತಲೂ ಮನಸ್ಸಲ್ಲಿ ಉಂಟು, ನಮ್ಮ ಕಡೆ ಕನ್ನಡ ಶಾಲೆಗಳಲ್ಲಿ ಟೀಚರ್ ಇಲ್ಲ ಇಲ್ಲ ಅಂತ ಪೇಪರಲ್ಲಿ ಬರ್ತಾ ಇರ್ತದಲ್ಲ. ಇದು ಮಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಕುಂಬಳೆ ಲೋಕಲ್:

ಅಕ್ಕ ನಾನು ಡಿಸ್ಟೆನ್ಸಲ್ಲಿ ಮಾಡಿದವ, ಮೈಸೂರಿನ ಮುಕ್ತ ವಿವಿ (ಕೆಎಸ್ಒಯು), ಅಂಗಡಿ ನೋಡ್ಕೊಂಡೇ ಮಾಡಿದ್ದು. ಅಲ್ಲಿ ಬಿಎಯಲ್ಲಿ ಕನ್ನಡ ಸಬ್ಜೆಕ್ಟ್ ಉಂಟು, ಕನ್ನಡದಲ್ಲೇ ಬರೀಬಹುದು, ಪುಸ್ತಕವೂ ಕನ್ನಡದ್ದೇ. ಇಗ್ನೋದ್ದು ಬಿಎ ಪಾಠ ಪುಸ್ತಕ ಮುಖ್ಯವಾಗಿ ಇಂಗ್ಲಿಷ್ ಮತ್ತೆ ಹಿಂದಿ, ಹಾಗಾಗಿ ನಿಮಗೆ ಕನ್ನಡವೇ ಬೇಕಿದ್ರೆ ಇಗ್ನೋ ತಲೆಯಿಂದ ತೆಗೀರಿ. ಆದ್ರೆ ಕೆಎಸ್ಒಯು ಪರೀಕ್ಷೆಗೆ ಕರ್ನಾಟಕಕ್ಕೆ ಹೋಗ್ಬೇಕು, ಕಾಸರಗೋಡಲ್ಲಿ ಸೆಂಟರ್ ಇರುವುದಿಲ್ಲ. ಮಂಗಳೂರಲ್ಲಿ ಅವರ ಪ್ರಾದೇಶಿಕ ಕೇಂದ್ರ ಉಂಟು, ನಮಗೆ ಅದೇ ಹತ್ರ. ನಾನು ರೈಲಲ್ಲಿ ಹೋಗಿ ಬರೆದು ಬರ್ತಿದ್ದೆ, ಮುಳ್ಳೇರಿಯದಿಂದ ಆದ್ರೆ ನಿಮಗೆ ಬೆಳಿಗ್ಗೆ ಬೇಗ ಹೊರಡ್ಬೇಕು, ಮಂಗಳೂರಲ್ಲಿ ಮಗಳು ಇದ್ದಾಳಲ್ಲ ಹತ್ರ ಯಾರಾದ್ರೂ ನೆಂಟರು ಇದ್ರೆ ಪರೀಕ್ಷೆ ಸಮಯಕ್ಕೆ ಅಲ್ಲೇ ಉಳಿದ್ರೆ ಸುಖ.

ಇನ್ನೊಂದು, ಕೆಎಸ್ಒಯುಗೆ ನಡುವಲ್ಲಿ ಯುಜಿಸಿ ಮಾನ್ಯತೆ ಇರ್ಲಿಲ್ಲ, 2018ರಲ್ಲಿ ವಾಪಸ್ ಸಿಕ್ಕಿದ್ದು. ಆ ನಡುವಿನ ಬ್ಯಾಚಿನವರು ಎಷ್ಟು ಒದ್ದಾಡಿದ್ದಾರೆ ಅಂತ ನಮ್ಮ ಊರಲ್ಲೇ ನೋಡಿದ್ದೇನೆ. ಹಾಗಾಗಿ ಯಾವ ಡಿಸ್ಟೆನ್ಸ್ ಕೋರ್ಸೇ ಆಗ್ಲಿ ಯುಜಿಸಿಯ ಡಿಸ್ಟೆನ್ಸ್ ಬ್ಯೂರೋ ವೆಬ್‌ಸೈಟಲ್ಲಿ ಆ ವರ್ಷ ಆ ಕೋರ್ಸಿನ ಹೆಸರು ಉಂಟಾ ಅಂತ ನೋಡಿಯೇ ದುಡ್ಡು ಕಟ್ಟಿ, ಏಜೆಂಟ್ ಹೇಳಿದ್ದನ್ನು ನಂಬ್ಬೇಡಿ. ಈಗ ಸೇರುವಾಗ ಆ ಬ್ಯೂರೋದ್ದೇ ಡೆಬ್ ಐಡಿ ಅಂತ ಒಂದು ನಂಬರ್ ಮಾಡ್ಬೇಕು, ಅದು ನೀವೇ ಆನ್‌ಲೈನಲ್ಲಿ ಮಾಡುವುದು, ಅಕ್ಷಯ ಸೆಂಟರಲ್ಲೂ (ಕೇರಳ ಸರ್ಕಾರದ ಆನ್‌ಲೈನ್ ಅರ್ಜಿ ಕೇಂದ್ರ) ಮಾಡಿ ಕೊಡ್ತಾರೆ. ಮತ್ತೆ ಕರ್ನಾಟಕದ ಡಿಗ್ರಿ ಹಿಡ್ಕೊಂಡು ನಾಳೆ ಕೇರಳದಲ್ಲಿ ಬಿಎಡ್‌ಗೋ ಎಂಎಗೋ ಹೋದ್ರೆ ಎಲಿಜಿಬಿಲಿಟಿ ಸರ್ಟಿಫಿಕೇಟ್ ಕೇಳ್ತಾರೆ, ಅದಕ್ಕೂ ಒಂದು ಓಡಾಟ.

ನೇರಮಾತು:

ನಾನು ಹೇಳುವುದು ಕೆಲವರಿಗೆ ಬೇಜಾರಾಗಬಹುದು ಆದ್ರೂ ಹೇಳ್ತೇನೆ, ಮೊದಲು ಟೀಚರ್ ಕೆಲಸದ ವಿಷಯ ಇತ್ಯರ್ಥ ಮಾಡ್ಕೊಳ್ಳಿ. ಕೇರಳ ಪಿಎಸ್‌ಸಿಯಲ್ಲಿ ಎಲ್‌ಪಿ, ಯುಪಿ (ಲೋವರ್, ಅಪ್ಪರ್ ಪ್ರೈಮರಿ) ಟೀಚರಿಗೆ ಜನರಲ್‌ಗೆ 40 ವರ್ಷ, ಒಬಿಸಿಗೆ 43, ಎಸ್‌ಸಿ ಎಸ್‌ಟಿಗೆ 45. ಕ್ಲರ್ಕಿಗೆ ಇನ್ನೂ ಕಮ್ಮಿ, 36. ನಿಮಗೆ ಈಗಲೇ 43. ಎಲ್‌ಪಿ ಟೀಚರಿಗೆ ಬೇಕಾದ್ದು ಬಿಎ ಅಲ್ಲ, ಪ್ಲಸ್ ಟು ಮೇಲೆ ಡಿಎಲ್‌ಎಡ್ (ಟೀಚರ್ ಟ್ರೈನಿಂಗ್) ಮತ್ತೆ ಕೆಟೆಟ್ (ಕೇರಳದ ಟೀಚರ್ ಅರ್ಹತಾ ಪರೀಕ್ಷೆ). ಹೈಸ್ಕೂಲ್ ಕನ್ನಡ ಟೀಚರ್ ಆಗ್ಬೇಕಿದ್ರೆ ಬಿಎ, ಆಮೇಲೆ ಎರಡು ವರ್ಷ ಬಿಎಡ್, ಆಮೇಲೆ ಕೆಟೆಟ್, ಎಲ್ಲ ಆಗುವಾಗ 48 ದಾಟ್ತದೆ. ಶಾಲೆಗಳಲ್ಲಿ ಟೀಚರ್ ಇಲ್ಲ ಅಂತ ಪೇಪರಲ್ಲಿ ಬರುವುದು ಸತ್ಯ, ಆದ್ರೆ ಆ ಖಾಲಿ ಜಾಗ ನಿಮಗೆ ಅಂತ ಇಟ್ಟದ್ದಲ್ಲ. ಸರ್ಕಾರಿ ಕೆಲಸಕ್ಕೆ ಅಂತ ಓದುವುದಾದ್ರೆ ಬೇಡ, ಆ ದುಡ್ಡು ಆ ಸಮಯ ಮಗಳ ನರ್ಸಿಂಗಿಗೆ ಹಾಕಿ, ಅದರ ಫೀಸ್ ಎಂತ ಕಮ್ಮಿಯಾ. ಕೆಲಸದ ಯೋಚನೆ ಬಿಟ್ಟು ಸುಮ್ನೆ ಓದ್ಬೇಕು ಅಂತ ಇದ್ರೆ ಅದು ಬೇರೆ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಪೆರಡಾಲದಂಚು:

ಮಗಳಿಗೆ ಹಾಕಿ ಅಂತ ಎಂತಕ್ಕೆ ಹೇಳುವುದು ಮಾರಾಯ್ರೆ, ಅವರು ಮಗಳ ಫೀಸ್ ಕೇಳ್ಲಿಲ್ಲ. ಸರ್ಕಾರಿ ಕಾಲೇಜಿನ ಬಿಎ ಫೀಸಿಗೂ ನರ್ಸಿಂಗ್ ಫೀಸಿಗೂ ಎಲ್ಲಿಯ ಲೆಕ್ಕ! ಗಂಡಸರು 45ಕ್ಕೆ ಎಂಬಿಎ ಮಾಡಿದ್ರೆ ಭಾರಿ ಅಂತ ಹೊಗಳ್ತೀರಿ. ಪಿಎಸ್‌ಸಿ ವಯಸ್ಸಿನ ಮಾಹಿತಿಗೆ ಮಾತ್ರ ಥ್ಯಾಂಕ್ಸ್, ಅದು ಸರಿ ಉಂಟು.

ಚಾಕ್‌ಪೀಸ್:

ನಾನು ನಮ್ಮ ಜಿಲ್ಲೆಯ ಒಂದು ಕಾಲೇಜಲ್ಲಿ ಕನ್ನಡ ಪಾಠ ಮಾಡುವವ, ಗೆಸ್ಟ್ ಲೆಕ್ಚರರ್, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ ಬೇಜಾರ್ ಮಾಡ್ಬೇಡಿ.

ಮೊದಲು ನಾಲ್ಕು ವರ್ಷದ ವಿಷಯ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಶುರುವಾಯ್ತು, ಅದೇ 2024ರಲ್ಲಿ ಕರ್ನಾಟಕದವರು ನಾಲ್ಕು ವರ್ಷದ್ದು ಬೇಡ ಅಂತ ಮೂರಕ್ಕೆ ವಾಪಸ್ ಹೋದ್ರು, ಗಡಿಯಲ್ಲಿರುವ ನಮ್ಮ ಮಕ್ಕಳಿಗೆ ತಲಪಾಡಿ ಆಚೆ ಒಂದು ಈಚೆ ಒಂದು. ಆದ್ರೆ ಹೆದರ್ಬೇಡಿ, ಇಲ್ಲಿಯೂ ಮೂರು ವರ್ಷ ಆದ ಮೇಲೆ ಬಿಎ ತಗೊಂಡು ಹೊರಗೆ ಬರಬಹುದು, ನಾಲ್ಕನೇ ವರ್ಷ ಹೋಗುವುದು ಆನರ್ಸ್ ಬೇಕಿದ್ದವರು. ಕನ್ನಡ ಮೇಜರ್ ತಗೊಂಡ್ರೂ ಮೊದಲ ಸೆಮಿಸ್ಟರುಗಳಲ್ಲಿ ಬೇರೆ ಬೇರೆ ವಿಭಾಗದ ಪೇಪರ್ ತಗೊಳ್ಬೇಕಾಗ್ತದೆ, ಇಂಗ್ಲಿಷ್ ಇದ್ದೇ ಇರ್ತದೆ. 100ರಲ್ಲಿ 30 ಇಂಟರ್ನಲ್, ಅಂದ್ರೆ ಅಸೈನ್‌ಮೆಂಟ್, ಸೆಮಿನಾರ್, ಟೆಸ್ಟ್. ಅಟೆಂಡೆನ್ಸ್ 75 ಪರ್ಸೆಂಟ್ ಬೇಕು. ಇದು ನಿಮಗೆ ನಿಜವಾದ ಕಷ್ಟ, ಪ್ರಾಯ ಅಲ್ಲ. ಅಡಿಕೆ ಕೊಯ್ಲು ಶುರುವಾಗಿ ಮನೆಯಲ್ಲಿ ಆಳುಗಳಿಗೆ ಅಡುಗೆ ಮಾಡುವ ಸಮಯಕ್ಕೆ ಸರಿಯಾಗಿ ಸೆಮಿಸ್ಟರ್ ಪರೀಕ್ಷೆ ಬರ್ತದೆ, ಆಗ ಯಾರು ಅಡುಗೆ ಮಾಡುವುದು ಅಂತ ಈಗಲೇ ಮನೆಯಲ್ಲಿ ಮಾತಾಡಿ ಇಟ್ಕೊಳ್ಳಿ. ಅಡ್ಮಿಷನ್ ಆದ ಮೇಲೆ ಮಾತಾಡಿದ್ರೆ ಜಗಳ ಆಗ್ತದೆ.

ಪ್ರಾಯದ ವಿಷಯ ಹೇಳ್ತೇನೆ. ನನ್ನ ಕ್ಲಾಸಲ್ಲಿ ಪ್ರಾಯ ಆದವರು ಇದ್ದದ್ದುಂಟು. ಮಕ್ಕಳು ಮೊದಲ ವಾರ ಮೇಡಂ ಅಂತ ಎದ್ದು ನಿಲ್ತಾರೆ, ಆಮೇಲೆ ಅಕ್ಕ ಆಗ್ತದೆ, ಆಮೇಲೆ ನೋಟ್ಸ್ ಕೇಳ್ಲಿಕ್ಕೆ ಬರ್ತಾರೆ, ಯಾಕಂದ್ರೆ ನೋಟ್ಸ್ ಪೂರ್ತಿ ಬರೆಯುವವರು ಅವರೊಬ್ಬರೇ. ಮತ್ತೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೆಗನ್ನಡ ಕ್ಲಾಸಲ್ಲಿ ಹದಿನೆಂಟರ ಮಕ್ಕಳು ಬಾಯಿ ಬಿಟ್ಕೊಂಡು ಕೂತ್ಕೊಳ್ತಾರೆ, ಕರ್ಣ ಯಾರ ಮಗ ಅಂತಲೇ ಕೆಲವರಿಗೆ ಗೊತ್ತಿರುವುದಿಲ್ಲ, ನಾನು ಪಂಪ ಶುರು ಮಾಡುವ ಮೊದಲು ಒಂದು ವಾರ ಕತೆ ಹೇಳ್ಬೇಕು. ನಮ್ಮ ಕಡೆಯ ಪ್ರಾಯದವರು ಹಾಗಲ್ಲ, ಚಿಕ್ಕಂದಿನಿಂದ ಯಕ್ಷಗಾನ ಆಟ, ತಾಳಮದ್ದಳೆ ಕೇಳಿ ಕೇಳಿ ಯಾರು ಯಾರಿಗೆ ಏನು ಹೇಳಿದ, ಯಾಕೆ ಹೇಳಿದ ಎಲ್ಲ ಬಾಯಿಗೆ ಬರ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಸುಮ್ನೆ ಅಲ್ಲ. ಅರ್ಥಧಾರಿಗಳ ವಾದ ಕೇಳಿದ ಕಿವಿಗೆ ರನ್ನನ ದುರ್ಯೋಧನ ಅಲ್ಲಿಯೇ ಮಾತಾಡ್ತಾನೆ, ಬರೇ ಶಬ್ದಾರ್ಥ ಹೇಳಿಕೊಟ್ರೆ ಸಾಕು. ಇಂಥವರು ಒಬ್ಬರು ಕ್ಲಾಸಲ್ಲಿ ಇದ್ರೆ ಮಕ್ಕಳಿಗೂ ಲಾಭ ನನಗೂ ಲಾಭ. ಕಷ್ಟ ಆಗುವುದು ಎಲ್ಲಿ ಅಂದ್ರೆ ಬರೆಯುವ ಸ್ಪೀಡಲ್ಲಿ, ವರ್ಷಾನುಗಟ್ಟಲೆ ಪೆನ್ನು ಹಿಡಿಯದ ಕೈ, ಉತ್ತರ ತಲೆಯಲ್ಲಿ ಇರ್ತದೆ ಸಮಯ ಮುಗಿದಿರ್ತದೆ. ಈಗಿನಿಂದಲೇ ದಿನಾ ಪೇಪರಿನ ಒಂದು ಸುದ್ದಿ ನೋಡಿ ಬರೀರಿ. ಎರಡನೇದು ಇಂಗ್ಲಿಷ್ ಪೇಪರ್, ಅದನ್ನು ಮೊದಲ ವರ್ಷವೇ ಕಟ್ಟಿ ಹಾಕ್ಬೇಕು, ಕೊನೆಗೆ ಇಟ್ರೆ ಅದೇ ಉಳೀತದೆ.

ಹಾಗಾಗಿ ನನ್ನ ಅಭಿಪ್ರಾಯ, ಸರ್ಟಿಫಿಕೇಟ್ ಬೇಕಿದ್ರೆ ಡಿಸ್ಟೆನ್ಸ್, ಕನ್ನಡ ಬೇಕಿದ್ರೆ ಕ್ಲಾಸ್. ಸಾಹಿತ್ಯ ಒಬ್ಬರೇ ಮನೆಯಲ್ಲಿ ಕೂತು ಗೈಡ್ ನೋಡಿ ಓದುವ ಸಬ್ಜೆಕ್ಟ್ ಅಲ್ಲ. ವಿದ್ಯಾನಗರದ ಸರ್ಕಾರಿ ಕಾಲೇಜು 1957ರದ್ದು, ಕನ್ನಡ ವಿಭಾಗದಲ್ಲಿ ಎಂಎವರೆಗೂ ಉಂಟು, ಮುಳ್ಳೇರಿಯದಿಂದ ಚೆರ್ಕಳ ಆಗಿ ಬರುವ ಬಸ್ಸು ಅದರ ಎದುರೇ ಹೋಗ್ತದೆ. ಪೇಟೆಗೆ ಹೋಗಿ ಬಸ್ಸು ಬದಲಿಸುವ ಕೆಲಸ ಇಲ್ಲ.

ಕುಂಬಳೆ ಲೋಕಲ್:

ಸರ್ ಹೇಳಿದ್ದು ಸರಿ ಆದ್ರೆ ಎಲ್ರಿಗೂ ಬೆಳಿಗ್ಗೆ ಒಂಬತ್ತೂವರೆಗೆ ವಿದ್ಯಾನಗರದಲ್ಲಿ ಇಳೀಲಿಕ್ಕೆ ಆಗುವುದಿಲ್ಲ. ಡಿಸ್ಟೆನ್ಸ್ ಮಾಡಿದವರೆಲ್ಲ ಗೈಡ್ ನೋಡಿದವರು ಅಂತ ಹೇಳ್ಬೇಡಿ, ನಾನು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಮೂಲ ಪುಸ್ತಕವೇ ಓದಿದವ. ಕುಮಾರವ್ಯಾಸ ಓದ್ಲಿಕ್ಕೆ ಅಟೆಂಡೆನ್ಸ್ ಬೇಡ.

ಚಾಕ್‌ಪೀಸ್:

ಒಪ್ಪಿದೆ ಮಾರಾಯ್ರೆ, ನಿಮ್ಮ ಹಾಗೆ ಓದುವವರಿಗೆ ಯಾವುದಾದ್ರೂ ಆಗ್ತದೆ. ನಾನು ಕ್ಲಾಸ್ ಇಲ್ಲದಿದ್ರೆ ಪುಸ್ತಕ ತೆರೆಯದವರನ್ನು ಲೆಕ್ಕ ಹಾಕಿ ಹೇಳಿದ್ದು, ಅವರೇ ಜಾಸ್ತಿ.

ತೋಟದಮನೆ82:

ಎಲ್ರಿಗೂ ಥ್ಯಾಂಕ್ಸ್. ನೇರಮಾತು ಅವರೇ ನಂಗೆ ಬೇಜಾರಾಗ್ಲಿಲ್ಲ, ಪಿಎಸ್‌ಸಿ ವಯಸ್ಸು ನಂಗೆ ಸರಿ ಗೊತ್ತಿರ್ಲಿಲ್ಲ, ಒಳ್ಳೇದಾಯ್ತು ಹೇಳಿದ್ದು. ಒಂದು ದಿನ ಸ್ವಲ್ಪ ಸಪ್ಪೆ ಆದದ್ದು ಹೌದು. ಆಮೇಲೆ ಯೋಚನೆ ಮಾಡಿದ್ರೆ ಕೆಲಸ ಇಲ್ಲ ಅಂತ ಗೊತ್ತಾದ ಮೇಲೂ ಸೇರ್ಬೇಕು ಅಂತಲೇ ಅನ್ನಿಸ್ತಾ ಉಂಟು. ಇವರ ಹತ್ರ ಹೇಳಿದೆ, ಹೋಗು ಅಂತ ಹೇಳಿದ್ರು, ಅಡುಗೆಯ ವಿಷಯ ತೆಗೆದ ಕೂಡ್ಲೇ ತೋಟಕ್ಕೆ ನೀರು ಬಿಡ್ಲಿಕ್ಕೆ ಉಂಟು ಅಂತ ಎದ್ದು ಹೋದ್ರು 😀 ಅತ್ತೆ ಒಂದೇ ಕೇಳಿದ್ದು, ಸಂಜೆ ಎಷ್ಟು ಗಂಟೆಗೆ ಬರ್ತೀ ಅಂತ.

ಸರ್, ಇನ್ನು ಟಿಸಿ ವಿಷಯ. ನಾನು ಬಿಎ ಬಿಟ್ಟಾಗ ಟಿಸಿ ತಗೊಳ್ಲೇ ಇಲ್ಲ, ಈಗ 25 ವರ್ಷ ಆಯ್ತು, ಅದು ಸಿಗಬಹುದಾ? ಹೆಸರು ಬೇರೆ ಬೇರೆ ಇರುವುದಕ್ಕೆ ಎಂತ ಮಾಡುವುದು? ಮತ್ತೆ ಮಂಗಳೂರಲ್ಲಿ ಸಂಜೆ ಕಾಲೇಜು ಉಂಟಂತೆ ಹೌದಾ, ಬೆಳಿಗ್ಗೆ ಕೆಲಸ ಎಲ್ಲ ಮುಗಿಸಿ ಹೋಗಬಹುದಲ್ಲ ಅಂತ.

ಚಾಕ್‌ಪೀಸ್:

ಟಿಸಿ ನೀವು ಬಿಟ್ಟ ಕಾಲೇಜಿನ ಆಫೀಸಲ್ಲೇ ಕೇಳ್ಬೇಕು. ಸೇರಿದ ವರ್ಷ, ಅಡ್ಮಿಷನ್ ನಂಬರ್ ಗೊತ್ತಿದ್ರೆ ಹಳೇ ರಿಜಿಸ್ಟರಲ್ಲಿ ಹುಡುಕ್ಲಿಕ್ಕೆ ಸುಲಭ, ಹಳೇ ಐಡಿ ಕಾರ್ಡೋ ಫೀಸ್ ರಸೀದಿಯೋ ಉಂಟಾ ನೋಡಿ. ಅಡ್ಮಿಷನ್ ಸಮಯದಲ್ಲಿ ಹೋಗ್ಬೇಡಿ, ಆಫೀಸಿನವರಿಗೆ ತಲೆ ಎತ್ತಲಿಕ್ಕೆ ಪುರುಸೊತ್ತಿರುವುದಿಲ್ಲ, ಈಗಲೇ ಹೋಗಿ. ಪ್ರೀಡಿಗ್ರಿ ಮಾರ್ಕ್‌ಲಿಸ್ಟ್ ಒರಿಜಿನಲ್ ಇದ್ರೆ ಸಾಕು, ಅದು ಪ್ಲಸ್ ಟುಗೆ ಸಮ.

ಹೆಸರಿಗೆ ವಿಲೇಜ್ ಆಫೀಸಿಂದ ಒನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್ ಅಂತ ಕೊಡ್ತಾರೆ, ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ ಅಂತ, ಅಕ್ಷಯದಿಂದ ಅರ್ಜಿ ಹಾಕಿದ್ರಾಯ್ತು. ಆದ್ರೆ ಒಂದು ಮಾತು, ಯೂನಿವರ್ಸಿಟಿ ಅರ್ಜಿಯಲ್ಲಿ ಎಸ್ಸೆಸೆಲ್ಸಿ ಪುಸ್ತಕದಲ್ಲಿ ಹೇಗೆ ಉಂಟೋ ಹಾಗೇ ಹಾಕಿ, ಒಂದು ಅಕ್ಷರ, ಒಂದು ಚುಕ್ಕಿ ಬದಲಿಸ್ಬೇಡಿ. ಡಿಗ್ರಿ ಸರ್ಟಿಫಿಕೇಟ್ ಆ ಹೆಸರಲ್ಲೇ ಬರ್ತದೆ. ಅರ್ಜಿ ಹಾಕುವುದು ಕಣ್ಣೂರು ವಿವಿಯ ಸಿಂಗಲ್ ವಿಂಡೋದಲ್ಲಿ, ಪ್ಲಸ್ ಟು ರಿಸಲ್ಟ್ ಬಂದ ಮೇಲೆ ನೋಟಿಫಿಕೇಶನ್ ಬರ್ತದೆ, ಪ್ರಾಸ್ಪೆಕ್ಟಸ್ ಪೂರ್ತಿ ಓದಿ, ಮಗಳ ಕೈಯಲ್ಲಿ ಓದಿಸಿ ಬೇಕಾದ್ರೆ.

ತಲಪಾಡಿ ಟೋಲ್:

ಸಂಜೆ ಕಾಲೇಜು ಹಂಪನಕಟ್ಟೆಯಲ್ಲಿ ಉಂಟು, ಯೂನಿವರ್ಸಿಟಿ ಸಂಜೆ ಕಾಲೇಜು, ಸೆಂಟ್ರಲ್ ಸ್ಟೇಷನ್ನಿಂದ ನಡೆದೇ ಹೋಗುವಷ್ಟು ದೂರ. ಮಂಜೇಶ್ವರ ಉಪ್ಪಳದವರಿಗೆ ಅದು ಆಗ್ತದೆ, ಕೆಲಸ ಮುಗಿಸಿ ಹೋಗಿ ರಾತ್ರಿ ವಾಪಸ್ ಬರ್ತಾರೆ. ಮುಳ್ಳೇರಿಯದಿಂದ ಬೇಡವೇ ಬೇಡ. ಹೋಗುವುದು ಹೇಗೋ ಆಗ್ತದೆ, ರಾತ್ರಿ ಕಾಸರಗೋಡಿಗೆ ಬಂದಿಳಿದ ಮೇಲೆ ಒಳಗೆ ಹೋಗ್ಲಿಕ್ಕೆ ಬಸ್ಸು ಎಲ್ಲಿ? ದಿನಾ ಯಾರಾದ್ರೂ ಬೈಕು ಹಿಡ್ಕೊಂಡು ಬಂದು ಕಾಯ್ಬೇಕು. ನಿಮ್ಮ ಅತ್ತೆ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ ನೋಡಿ.

ಹಾಂ ಬಸ್ಸಿಂದ ನೆನಪಾಯ್ತು, ಸ್ಟೂಡೆಂಟ್ ಕನ್ಸೆಷನ್ ಲೆಕ್ಕ ಹಾಕಿ ಖರ್ಚು ಹಿಡೀಬೇಡಿ. ಕೇರಳ ಕೆಎಸ್ಆರ್‌ಟಿಸಿಯಲ್ಲಿ 25 ದಾಟಿದವರಿಗೆ ಸ್ಟೂಡೆಂಟ್ ಕನ್ಸೆಷನ್ ಇಲ್ಲ ಅಂತ 2023ರಲ್ಲೇ ರೂಲ್ ಮಾಡಿದ್ದಾರೆ. ಪ್ರೈವೇಟ್ ಬಸ್ಸಲ್ಲಿ ನೀವು ಎಸ್‌ಟಿ (ಸ್ಟೂಡೆಂಟ್ ಟಿಕೆಟ್) ಅಂತ ಚಿಲ್ಲರೆ ಕೊಟ್ರೆ ಕಂಡಕ್ಟರ್ ಎಂತ ಹೇಳ್ತಾನೆ ಅಂತ ನೋಡ್ಲಿಕ್ಕೆ ನಂಗೂ ಆಸೆ ಉಂಟು 😂 ಫುಲ್ ಟಿಕೆಟ್ ಲೆಕ್ಕ ಹಾಕಿ ಇಟ್ಕೊಳ್ಳಿ.

ದುಬೈ ರಿಟರ್ನ್:

ಅಕ್ಕ ನಿಮ್ಮದು ಕಾಲೇಜು, ನಂದು ಅದಕ್ಕಿಂತ ಕೆಳಗಿನ ಕತೆ. ನಾನು ಹತ್ತನೇ ಫೇಲಾಗಿ ಗಲ್ಫಿಗೆ ಹೋದವ, ವಾಪಸ್ ಬಂದ ಮೇಲೆ ಕೇರಳ ಸಾಕ್ಷರತಾ ಮಿಷನ್ನಿನ ತುಲ್ಯತಾ ಕ್ಲಾಸಿಗೆ (ಶಾಲೆ ಬಿಟ್ಟವರಿಗೆ, ಶಾಲೆಯ ಕ್ಲಾಸಿಗೆ ಸಮ ಅಂತ ಲೆಕ್ಕ) ಸೇರಿ ಹತ್ತನೇ ಪಾಸಾದೆ, ಕನ್ನಡ ಮೀಡಿಯಮಲ್ಲೇ. ಭಾನುವಾರ ಕ್ಲಾಸು. ನನ್ನ ಬೆಂಚಲ್ಲಿ ಬೀಡಿ ಕಟ್ಟುವ ಹೆಂಗಸರು, ಆಟೋದವರು, ಒಬ್ಬರು ಪಂಚಾಯತ್ ಮೆಂಬರ್. ನಾಚಿಕೆ ಇದ್ದದ್ದು ಕ್ಲಾಸಿನ ಒಳಗೆ ಅಲ್ಲ, ಕ್ಲಾಸಿಗೆ ಹೋಗುವ ದಾರಿಯಲ್ಲಿ, ಎಲ್ಲಿಗೆ ಅಂತ ಯಾರಾದ್ರೂ ಕೇಳಿದ್ರೆ ಎಂತ ಹೇಳುವುದು ಅಂತ. ಆಲಪ್ಪುಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ 96ನೇ ವಯಸ್ಸಿಗೆ ಅಕ್ಷರಲಕ್ಷಂ ಅಂತ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ತೆಗೆದ್ರಲ್ಲ, ಅವರ ಫೋಟೋ ನಮ್ಮ ಕ್ಲಾಸಲ್ಲಿ ಅಂಟಿಸಿದ್ರು, ಎಂತದಾದ್ರೂ ನೆಪ ಹೇಳಿದ್ರೆ ಟೀಚರ್ ಅದನ್ನೇ ತೋರಿಸುವುದು. ಈಗ ಪ್ಲಸ್ ಟು ತುಲ್ಯತೆ ಮಾಡ್ತಾ ಇದ್ದೇನೆ. ನೀವು ಪ್ರೀಡಿಗ್ರಿ ಪಾಸಾದವರು, ನಿಮಗೆ ಹೆದರಿಕೆ ಎಂತದ್ದು. ಕ್ಲಾಸಿಗೇ ಹೋಗಿ ಅಂತ ನಂದೂ ಓಟು.

ತೋಟದಮನೆ82:

ಸಂಜೆ ಕಾಲೇಜು ಬಿಟ್ಟೆ. ನಾಳೆ ನಾಡಿದ್ದರಲ್ಲಿ ಟಿಸಿ ಕೇಳ್ಲಿಕ್ಕೆ ಹೋಗ್ತೇನೆ, ಅದು ಸಿಕ್ಕಿದ್ರೆ ರೆಗ್ಯುಲರಿಗೆ ಅರ್ಜಿ ಹಾಕುವುದು ಅಂತ ಉಂಟು. ಸೀಟ್ ಸಿಗದಿದ್ರೆ ಅಥವಾ ಮನೆಯಲ್ಲಿ ಮಧ್ಯಾಹ್ನದ್ದು ಸರಿ ಹೋಗದಿದ್ರೆ ಮೈಸೂರಿನದ್ದು. ಮಧ್ಯಾಹ್ನಕ್ಕೆ ನನ್ನ ನಾದಿನಿ ಬಂದು ಹೋಗ್ತೇನೆ ಅಂತ ಹೇಳಿದ್ದಾಳೆ, ಅವಳದ್ದೂ ಹತ್ತನೇ ಅರ್ಧಕ್ಕೆ ನಿಂತದ್ದು. ದುಬೈ ರಿಟರ್ನ್ ಅಣ್ಣ, ಅವಳು ನಿಮ್ಮ ಮೆಸೇಜ್ ಓದಿ ಆಗಿಂದ ಕೇಳ್ತಾ ಇದ್ದಾಳೆ, ಏಳನೇ ಪಾಸಾದ ಸರ್ಟಿಫಿಕೇಟ್ ಇಲ್ಲದಿದ್ರೂ ಹತ್ತಕ್ಕೆ ಸೇರಿಸ್ತಾರಾ?

ದುಬೈ ರಿಟರ್ನ್:

ಏಳನೇ ಪಾಸಾದದ್ದಕ್ಕೆ ದಾಖಲೆ ಬೇಕು ತಂಗಿ. ಸಿನಿಮಾ ನಟ ಇಂದ್ರನ್ಸ್ ಗೊತ್ತಲ್ಲ, ಅವರೂ ಸೀದಾ ಹತ್ತಕ್ಕೆ ಅಂತ ಹೋಗಿ ಏಳನೇದ್ದು ಇಲ್ಲ ಅಂತ ಮೊದಲು ಏಳನೇ ತುಲ್ಯತಾ ಬರೆದು 2024ರಲ್ಲಿ ಪಾಸಾದದ್ದು. ಆದ್ರೆ ನಿಮ್ಮ ನಾದಿನಿ ಹತ್ತನೇವರೆಗೆ ಶಾಲೆಗೆ ಹೋದವಳಲ್ವಾ, ಆ ಶಾಲೆಯಲ್ಲಿ ರೆಕಾರ್ಡ್ ಇದ್ದೇ ಇರ್ತದೆ, ಟಿಸಿ ತೆಗೆಸಿದ್ರೆ ಅದೇ ಸಾಕಾಗ್ತದೆ. ನೀವು ಟಿಸಿ ಕೇಳ್ಲಿಕ್ಕೆ ಹೋಗುವಾಗ ಅವಳನ್ನೂ ಕರ್ಕೊಂಡು ಹೋಗಿ, ಅವಳ ಶಾಲೆ ಅದೇ ದಾರಿಯಲ್ಲಿದ್ರೆ ಎರಡೂ ಒಂದೇ ದಿನ ಆಗ್ತದೆ. ಆಮೇಲೆ ಪಂಚಾಯತಿನಲ್ಲಿ ಪ್ರೇರಕ್ (ಸಾಕ್ಷರತಾ ಮಿಷನ್ನಿನ ಕೆಲಸ ನೋಡುವವರು) ಯಾರು ಅಂತ ಕೇಳಿ, ಫಾರ್ಮ್ ತುಂಬಿಸುವುದೆಲ್ಲ ಅವರೇ ಹೇಳಿ ಕೊಡ್ತಾರೆ.